ವಿಕಲಚೇತನ ಮಗುವಿಗೆ ಸರ್ಕಾರಿ ಶಾಲೆ ಪ್ರವೇಶ ಕೊಡಲ್ಲ ಅಂದ್ರೆ ಏನು ಮಾಡಬೇಕು? ಇಲ್ಲಿದೆ ಮಾಹಿತಿ

ಬಳ್ಳಾರಿ: "ನಮ್ಮಲ್ಲಿ ಸ್ಪೆಷಲ್ ಟೀಚರ್ ಇಲ್ಲ, ಮಗೂನ ಬೇರೆ ಕಡೆ ಹಾಕ್ರಿ" ಅಂತ ಶಾಲೆಯವರು ಹೇಳಿದರೆ ಪೋಷಕರು ಸುಮ್ಮನೆ ವಾಪಸ್ ಬರಬೇಕಾಗಿಲ್ಲ. ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಎಲ್ಲೇ ಇರಲಿ, ಕಾನೂನು ಒಂದೇ.

ಕಾನೂನು ಏನು ಹೇಳುತ್ತೆ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. 21 ಬಗೆಯ ಅಂಗವೈಕಲ್ಯ ಇದರಡಿ ಬರುತ್ತವೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳು ತಾರತಮ್ಯ ಇಲ್ಲದೆ ಪ್ರವೇಶ ಕೊಡಬೇಕು, ರ‍್ಯಾಂಪ್, ಶೌಚಾಲಯ ಮಗು ಬಳಸುವಂತೆ ಇರಬೇಕು ಅನ್ನುತ್ತೆ 16ನೇ ಸೆಕ್ಷನ್. ಇದಕ್ಕೆ ಶೇ.40 ವೈಕಲ್ಯ ಇರಲೇಬೇಕು ಅಂತಿಲ್ಲ. ಶೇ.40 ಅಥವಾ ಹೆಚ್ಚು ಇದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಸಿಗುತ್ತೆ.

ತೀವ್ರ ವೈಕಲ್ಯ ಇರುವ ಮಗುವಿಗೆ ಮನೆಯಲ್ಲೇ ಪಾಠ ಪಡೆಯುವ ಅವಕಾಶವೂ ಇದೆ. ಆದರೆ ಅದು ಮನೆಯವರ ಆಯ್ಕೆ, ಶಾಲೆ ಒತ್ತಾಯ ಮಾಡುವಂತಿಲ್ಲ.

ಸ್ಪೆಷಲ್ ಟೀಚರ್ ವಿಚಾರ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ 2021ರ ಅಕ್ಟೋಬರ್ 28ರಂದು ತೀರ್ಪು ಬಂತು. ಕಿರಿಯ ಪ್ರಾಥಮಿಕದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು ಎಂದಿತು. ಹುದ್ದೆಗಳನ್ನು ಮಂಜೂರು ಮಾಡಿ ಭರ್ತಿ ಮಾಡಿ ಅಂತ 2025ರ ಮಾರ್ಚ್‌ನಲ್ಲಿ ರಾಜ್ಯಗಳಿಗೆ ಮತ್ತೆ ಸೂಚಿಸಿತು. ಅಂದ್ರೆ ಟೀಚರ್ ಕೊಡೋದು ಸರ್ಕಾರದ ಕೆಲಸ, ಇಲ್ಲ ಅನ್ನೋದು ಮಗೂನ ವಾಪಸ್ ಕಳಿಸೋಕೆ ಕಾರಣ ಆಗಲ್ಲ.

ಎಲ್ಲಿ ದೂರು ಕೊಡಬೇಕು?

1. ಮೊದಲು ಮುಖ್ಯ ಶಿಕ್ಷಕರಿಗೆ ಅರ್ಜಿ ಬರೆದು ಕೊಡಿ. ಬಾಯಿಮಾತು ಬೇಡ, ಒಂದು ಪ್ರತಿಗೆ ಸೀಲು, ಸಹಿ ಹಾಕಿಸಿಕೊಳ್ಳಿ.

2. ಆಗದಿದ್ದರೆ ಬಿಇಒ, ಆಮೇಲೆ ಬಳ್ಳಾರಿಯ ಡಿಡಿಪಿಐ ಕಚೇರಿ.

3. ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿರುವ ರಾಜ್ಯ ವಿಕಲಚೇತನರ ಆಯುಕ್ತರು. ವಿಚಾರಣೆಗೆ ಅಧಿಕಾರಿಗಳನ್ನು ಕರೆಸಲು ಅವರಿಗೆ ಸಿವಿಲ್ ಕೋರ್ಟ್‌ನಂಥ ಅಧಿಕಾರ ಇದೆ. ಅವರ ಶಿಫಾರಸಿನ ಮೇಲೆ ಏನು ಕ್ರಮ ಆಯ್ತು ಅಂತ ಇಲಾಖೆ 3 ತಿಂಗಳೊಳಗೆ ತಿಳಿಸಬೇಕು.

4. ಕೊನೆಗೆ ಹೈಕೋರ್ಟ್‌ಗೆ ರಿಟ್ ಅರ್ಜಿ. ಬಳ್ಳಾರಿ ಜಿಲ್ಲೆಯವರು ಬೆಂಗಳೂರಿಗೆ ಹೋಗಬೇಕಿಲ್ಲ, ಧಾರವಾಡ ಪೀಠ ಇದೆ.

ವಕೀಲರ ಫೀಸು ಕೊಡೋಕೆ ಆಗಲ್ಲ ಅಂದ್ರೆ?

ಮಕ್ಕಳು, ಮಹಿಳೆಯರು ಮತ್ತು ವಿಕಲಚೇತನರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಥವಾ ತಾಲೂಕು ಸಮಿತಿಗೆ ಹೋಗಿ, ಇಲ್ಲವೇ 15100ಗೆ ಕರೆ ಮಾಡಿ.

ಕಾಯ್ದೆ ಉಲ್ಲಂಘನೆಗೆ ಮೊದಲ ಸಲ 10 ಸಾವಿರ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಸಾವಿರದಿಂದ 5 ಲಕ್ಷದವರೆಗೆ ದಂಡ ಇದೆ. ನಿಮ್ಮ ಓಣಿಯಲ್ಲಿ ಇಂಥ ಮಗು ಶಾಲೆಗೆ ಹೋಗದೆ ಮನೆಯಲ್ಲೇ ಇದ್ದರೆ, ಅವರ ಮನೆಯವರಿಗೆ ಈ ಮಾಹಿತಿ ತಿಳಿಸಿ.