'ಓನರ್ಸ್ ರಿಸ್ಕ್' ಅನ್ನೋ ಎರಡು ಪದಗಳ ಹಿಂದೆ...

ಲಾರಿ ಆಫೀಸಿನ ರಸೀದಿಯ ಮೂಲೆಯಲ್ಲಿ ಚಿಕ್ಕ ಅಕ್ಷರಗಳಲ್ಲಿ 'ಓನರ್ಸ್ ರಿಸ್ಕ್' ಅಂತ ಅಚ್ಚಾಗಿರುತ್ತದೆ, ನೀವೂ ನೋಡಿರುತ್ತೀರಿ. ಸಾಮಾನು ಒಡೆದರೆ ನಷ್ಟ ನಿಮ್ಮದು, ನಮ್ಮನ್ನು ಕೇಳಬೇಡಿ ಅಂತ ಅರ್ಥ. ಶಿವಮೊಗ್ಗದಲ್ಲಿ ಮಾಡಿಸಿದ ನಮ್ಮ ಡ್ರೆಸ್ಸಿಂಗ್ ಟೇಬಲ್ಲು ಬೆಂಗಳೂರು ಸೇರುವಷ್ಟರಲ್ಲಿ ಕನ್ನಡಿ ಚೂರುಚೂರಾಗಿತ್ತು. ಕೇಳಿದ್ದಕ್ಕೆ ಗುಮಾಸ್ತರು ಆ ಪದಗಳ ಮೇಲೆ ಬೆರಳಿಟ್ಟರು, ಅಷ್ಟೆ. ಅವಕ್ಕೆ ನಿಜಕ್ಕೂ ಅಷ್ಟು ಶಕ್ತಿ ಇದೆಯಾ? ಕೆದಕುತ್ತಾ ಹೋದರೆ ಮುನ್ನೂರು ವರ್ಷದ ಕಥೆ ಸಿಕ್ಕಿತು!

1703ರಲ್ಲಿ 'ಕಾಗ್ಸ್ ವಿರುದ್ಧ ಬರ್ನಾರ್ಡ್' ಮೊಕದ್ದಮೆಯಲ್ಲಿ ಇಂಗ್ಲೆಂಡಿನ ಮುಖ್ಯ ನ್ಯಾಯಾಧೀಶ ಜಾನ್ ಹೋಲ್ಟ್ ಈ ನಿಯಮವನ್ನು ವಿವರಿಸಿದ. ಬಾಡಿಗೆಗೆ ಎಲ್ಲರ ಸಾಮಾನು ಸಾಗಿಸುವವನು ದೈವಾಘಾತ, ಶತ್ರುಗಳ ದಾಳಿ ಬಿಟ್ಟರೆ ಉಳಿದ ನಷ್ಟಕ್ಕೆಲ್ಲ ಹೊಣೆ. ಇಲ್ಲದಿದ್ದರೆ ಗಾಡಿಯವನು ಕಳ್ಳರ ಜೊತೆ ಸೇರಿ ದೋಚಿದರೂ ಮಾಲೀಕನಿಗೆ ಗೊತ್ತಾಗುವುದಿಲ್ಲ ಅನ್ನುವುದು ಅವನ ವಾದ.

ಮುಂದೆ ಗಾಡಿಯವರು ನೋಟೀಸು ಹಾಕಿ ಹೊಣೆ ಕಳಚಿಕೊಳ್ಳತೊಡಗಿದರು. ಬರೀ ಸಾರ್ವಜನಿಕ ನೋಟೀಸಿನಿಂದ ಹೊಣೆ ತಪ್ಪದು ಎಂದಿತು ಬ್ರಿಟನ್ನಿನ 1830ರ ಕಾಯ್ದೆ. ನಮ್ಮಲ್ಲಿ 1865ರಲ್ಲಿ ಕ್ಯಾರಿಯರ್ಸ್ ಆಕ್ಟ್ ಬಂತು. ಸಾಮಾನು ಹಾಳಾದರೆ ಸಾಗಣೆದಾರನ ಅಜಾಗರೂಕತೆಯನ್ನು ಮಾಲೀಕ ಸಾಬೀತು ಮಾಡಬೇಕಿಲ್ಲ ಅಂತ ಅದರ 9ನೇ ಕಲಂ. ನ್ಯಾಯವೇ ತಾನೇ? ರಾತ್ರಿಯಿಡೀ ಲಾರಿಯೊಳಗೆ ಏನಾಯಿತು ಅಂತ ನಮಗೆ ಹೇಗೆ ಗೊತ್ತಾಗಬೇಕು? ಮಾಲೀಕನಿಗೂ ಒಂದು ಕರ್ತವ್ಯವಿತ್ತು. ಗಾಜು, ಪಿಂಗಾಣಿ, ಶ್ರೀಗಂಧದ ವಸ್ತುಗಳಂಥವು ನೂರು ರೂಪಾಯಿ ದಾಟಿದರೆ ಮೊದಲೇ ತಿಳಿಸಬೇಕಿತ್ತು, ಸಾಗಣೆದಾರ ಅದಕ್ಕೆ ಹೆಚ್ಚು ಹಣ ಕೇಳಬಹುದಿತ್ತು.

'ಓನರ್ಸ್ ರಿಸ್ಕ್' ಅಂತ ಬರೆದಿದ್ದರೂ ಸಾಗಣೆದಾರ ತನ್ನ ಅಜಾಗರೂಕತೆಯ ಹೊಣೆಯಿಂದ ತಪ್ಪಿಸಿಕೊಳ್ಳಲಾರ ಅಂತ ಸುಪ್ರೀಂ ಕೋರ್ಟ್ 2000ದಲ್ಲಿ ಹೇಳಿತು. 1865ರ ಕಾಯ್ದೆಯ ಜಾಗಕ್ಕೆ ಬಂದ 2007ರ ರಸ್ತೆ ಸಾಗಣೆ ಕಾಯ್ದೆ 2011ರಲ್ಲಿ ಜಾರಿಯಾಯಿತು. ಇದರಲ್ಲೂ ಸಾಬೀತಿನ ಭಾರ ಮಾಲೀಕನ ಮೇಲಿಲ್ಲ. ಆದರೆ ಪರಿಹಾರಕ್ಕೆ ಮಿತಿಯಿದೆ. ಆ ಮಿತಿ ದಾಟಬೇಕಿದ್ದರೆ ಬುಕ್ ಮಾಡುವಾಗಲೇ ಬೆಲೆ ಬರೆದು ಹೆಚ್ಚಿನ ದರಕ್ಕೆ ಒಪ್ಪಿರಬೇಕು. ದಾವೆ ಹೂಡುವ ಮೊದಲು, ಬುಕ್ ಮಾಡಿದ 180 ದಿನದೊಳಗೆ, ಲಿಖಿತ ನೋಟೀಸು ಕೊಟ್ಟಿರಬೇಕು.

ಹಾಗಾಗಿ ಮಂಚವೋ ಬೀರುವೋ ಮನೆಗೆ ಬಂದಾಗ ಪ್ಯಾಕಿಂಗ್ ಬಿಚ್ಚಿ ನೋಡದೆ ಸಹಿ ಹಾಕಬೇಡಿ. ಏಟು ಬಿದ್ದಿದ್ದರೆ ಫೋಟೋ ತೆಗೆದು, 'ಕಾಲು ಮುರಿದಿದೆ, ಗಾಜು ಒಡೆದಿದೆ' ಅಂತ ಡೆಲಿವರಿ ಕಾಗದದ ಮೇಲೇ ಬರೆದು ಆಮೇಲೆ ಸಹಿ ಹಾಕಿ. ಲಾರಿ ಆಫೀಸಿನಿಂದ ಪರಿಹಾರ ವಸೂಲಿ ಮಾಡಿದ ಪುಣ್ಯಾತ್ಮರು ನಿಮ್ಮಲ್ಲಿ ಯಾರಾದರೂ ಇದ್ದರೆ, ಹೇಗೆ ಅಂತ ದಯವಿಟ್ಟು ತಿಳಿಸಿ!