ಕೋಲ್ಮಿಂಚಿನ ಬೆನ್ನು ಹತ್ತಿದ ಕ್ಯಾಮೆರಾ

1753ರ ಆಗಸ್ಟ್ 6ರಂದು ಸೇಂಟ್ ಪೀಟರ್ಸ್‌ಬರ್ಗ್ ಮೇಲೆ ಮೋಡ ಕಟ್ಟಿತು. ವಿಜ್ಞಾನ ಅಕಾಡೆಮಿಯ ಸಭೆಯಲ್ಲಿದ್ದ ಗಿಯಾರ್ಗ್ ರಿಚ್‌ಮನ್ ಗುಡುಗು ಕೇಳಿದ್ದೇ ತಡ, ಮನೆಗೆ ಧಾವಿಸಿದರು. ಮಾಡಿನ ಮೇಲಿನ ಕಬ್ಬಿಣದ ಸಲಾಕೆಯಿಂದ ಒಳಗಿನವರೆಗೆ ತಂತಿ ಎಳೆದು, ಮೋಡದ ವಿದ್ಯುತ್ತನ್ನು ಅಳೆಯುವ ಸಾಧನವೊಂದನ್ನು ಅವರು ಮೊದಲೇ ಜೋಡಿಸಿಟ್ಟಿದ್ದರು. ಅಕಾಡೆಮಿಯ ಕೆತ್ತನೆಗಾರ ಸೊಕೊಲೊವ್ ಅವರನ್ನೂ ಜೊತೆಗೆ ಕರೆದೊಯ್ದರು; ಬರೆಯಲಿದ್ದ ಪ್ರಬಂಧಕ್ಕೆ ಚಿತ್ರ ಬೇಕಿತ್ತು. ಸಾಧನದ ಕಡೆ ಬಾಗಿದ ರಿಚ್‌ಮನ್ ಹಣೆಗೆ ಸಲಾಕೆಯಿಂದ ಬೆಂಕಿಯ ಉಂಡೆಯೊಂದು ಹಾರಿ ಬಡಿಯಿತು ಎಂದು ಸೊಕೊಲೊವ್ ಆಮೇಲೆ ಹೇಳಿದರು. ರಿಚ್‌ಮನ್ ಅಲ್ಲೇ ಸತ್ತರು. ಚಿತ್ರ ಬರೆಯಲು ಹೋದವರು ಬದುಕಿ ಉಳಿದು ಸಾಕ್ಷಿ ಹೇಳಿದರು.

ಸಿಡಿಲನ್ನು ಹತ್ತಿರದಿಂದ ನೋಡಬೇಕೆಂಬ ಹಂಬಲ ಇಂದಿಗೂ ಆರಿಲ್ಲ. ಆದರೆ ಮಿಂಚಿನ ಛಾಯಾಗ್ರಹಣದ ಚರಿತ್ರೆಯನ್ನು ತಿರುವಿ ಹಾಕಿದರೆ, ಹತ್ತಿರ ಹೋದವರಿಗಿಂತ ದೂರ ನಿಂತು ಕಾಲವನ್ನು ಸಣ್ಣಗೆ ಸೀಳಿದವರೇ ಹೆಚ್ಚು ಕಂಡರು ಅನ್ನಿಸುತ್ತದೆ.

ಶುರುವಿನಲ್ಲಿ ತೊಡಕಿದ್ದದ್ದು ಫೋಟೊ ತಟ್ಟೆಗಳ ಮಂದ ಸಂವೇದನೆಯಲ್ಲಿ. ಡಾಗೆರೋಟೈಪ್ ಎಂಬ ಮೊದಮೊದಲ ಫೋಟೊ ವಿಧಾನದ ಕಾಲದಲ್ಲಿ ಮನುಷ್ಯನ ಮುಖ ಮೂಡಲೂ ಕೆಲವು ಸೆಕೆಂಡು ಅಲುಗದೆ ಕೂರಬೇಕಿತ್ತು. ಆದರೂ ಅಮೆರಿಕದ ಸೇಂಟ್ ಲೂಯಿಸ್ ನಗರದ ಥಾಮಸ್ ಈಸ್ಟರ್ಲಿ 1847ರ ಜೂನ್ 18ರ ರಾತ್ರಿ ಮಿಂಚನ್ನು ಹಿಡಿದರೆಂಬ ಹೇಳಿಕೆಯಿದೆ. ಈಗ ಉಳಿದಿರುವುದು ಅದರ ಪ್ರತಿ ಮಾತ್ರ. ಚರಿತ್ರೆಕಾರರು ಹೆಚ್ಚಾಗಿ ಮನ್ನಣೆ ಕೊಡುವುದು ಫಿಲಡೆಲ್ಫಿಯಾದ ವಿಲಿಯಂ ಜೆನ್ನಿಂಗ್ಸ್ ಅವರಿಗೆ. ಜೆಲಟಿನ್ ಲೇಪದ ಒಣ ತಟ್ಟೆಗಳು ಆಗಷ್ಟೇ ಬಂದಿದ್ದವು. ರಾತ್ರಿ ಕ್ಯಾಮೆರಾವನ್ನು ಮೋಡದ ಕಡೆ ತಿರುಗಿಸಿ, ಲೆನ್ಸಿನ ಮುಚ್ಚಳ ತೆಗೆದು ಕಾಯುವುದಷ್ಟೇ ಉಪಾಯ, ಕತ್ತಲೆಯೇ ಷಟರ್. 1882ರ ಸೆಪ್ಟೆಂಬರ್ 2ರಂದು ಅದು ಫಲಿಸಿತು.

ಜೆನ್ನಿಂಗ್ಸ್ ಅವರಿಗೆ ವರ್ಣಚಿತ್ರಕಾರರ ಮೇಲೊಂದು ತಕರಾರಿತ್ತು. ದೇವತೆಗಳ ಕೈಯ ವಜ್ರಾಯುಧದಿಂದ ಹಿಡಿದು ಕಡಲ ಬಿರುಗಾಳಿಯ ಚಿತ್ರಗಳವರೆಗೆ ಮಿಂಚು ಎಂದರೆ ಚೂಪು ಮೂಲೆಗಳ ಅಂಕುಡೊಂಕು ಗೆರೆ. 1856ರಲ್ಲಿ ಎಂಜಿನಿಯರ್ ಜೇಮ್ಸ್ ನಾಸ್ಮಿತ್ ಇದು ಸುಳ್ಳೆಂದು ವಾದಿಸಿದ್ದರು. ಜೆನ್ನಿಂಗ್ಸ್ ತಟ್ಟೆಯ ಮೇಲೆ ಮೂಡಿದ್ದು ನದಿಯ ನಕ್ಷೆಯ ಹಾಗೆ ಬಳುಕುತ್ತ, ಕವಲೊಡೆಯುತ್ತ ಇಳಿದ ಗೆರೆ. ವಾದ ಅಲ್ಲಿಗೆ ಮುಗಿಯಬೇಕಿತ್ತು. ನಮ್ಮ ವಿದ್ಯುತ್ ಕಂಬಗಳ ಅಪಾಯದ ಫಲಕದಲ್ಲಿ ಇಂದಿಗೂ ಇರುವುದು ಚಿತ್ರಕಾರರ ಮಿಂಚೇ.

1887ರಲ್ಲಿ ಲಂಡನ್ನಿನ ರಾಯಲ್ ಮೆಟಿಯರಲಾಜಿಕಲ್ ಸೊಸೈಟಿ, ಮಿಂಚಿನ ಫೋಟೊ ಇದ್ದವರು ಕಳಿಸಿಕೊಡಿ ಎಂದು ಕೇಳಿಕೊಂಡಿತು. ಬಂದವನ್ನು ಕವಲಿನದು, ಮಣಿಮಾಲೆಯದು, ರಿಬ್ಬನ್ನಿನದು ಎಂದು ವಿಂಗಡಿಸಿದರು. ಕೆಲವು ಫೋಟೊಗಳಲ್ಲಿ ಮಿಂಚು ಕಪ್ಪಗಿತ್ತು! ಕಪ್ಪು ಮಿಂಚೆಂಬುದು ನಿಜಕ್ಕೂ ಇದೆಯೇ ಎಂಬ ಗೊಂದಲವನ್ನು 1889ರಲ್ಲಿ ಆರ್ಥರ್ ಕ್ಲೇಡನ್ ಬಗೆಹರಿಸಿದರು. ಅತಿ ಚುರುಕಾದ ಬೆಳಕು ಬಿದ್ದ ತಟ್ಟೆಗೆ ಆಮೇಲೆ ಮಂದ ಬೆಳಕೂ ತಾಗಿದರೆ ಆ ಗೆರೆ ತಿರುಗುಮುರುಗಾಗಿ ಕಪ್ಪಾಗುತ್ತದೆ ಎಂದು ತೋರಿಸಿಕೊಟ್ಟರು. ಆ ಕಪ್ಪು ಆಕಾಶದಲ್ಲಿ ಇರಲೇ ಇಲ್ಲ.

ಬೇರೊಂದು ಅಚ್ಚರಿ ಮಾತ್ರ ತಟ್ಟೆಯದಲ್ಲ, ಮಿಂಚಿನದೇ. 1884ರಲ್ಲಿ ಬರ್ಲಿನ್ನಿನ ಹೈನ್ರಿಕ್ ಕೈಸರ್ ತೆಗೆದ ಫೋಟೊದಲ್ಲಿ ಒಂದೇ ಮಿಂಚು ಪಕ್ಕಪಕ್ಕದ ಹಲವು ಎಳೆಗಳಾಗಿ ಕಂಡಿತು. ಒಂದೇ ದಾರಿಯಲ್ಲಿ ವಿದ್ಯುತ್ತು ಮತ್ತೆ ಮತ್ತೆ ಹರಿಯುತ್ತದೆ, ನಡುವೆ ಗಾಳಿ ಆ ದಾರಿಯನ್ನೇ ಪಕ್ಕಕ್ಕೆ ಸರಿಸುತ್ತದೆ ಎಂಬುದು ಅದರ ಅರ್ಥ. ಗಾಳಿಗಾಗಿ ಏಕೆ ಕಾಯಬೇಕು, ಕ್ಯಾಮೆರಾವನ್ನೇ ತಿರುಗಿಸೋಣ ಎಂದವರು ಹಲವರು. ಹ್ಯಾಂಬರ್ಗಿನ ಬರ್ನ್‌ಹಾರ್ಡ್ ವಾಲ್ಟರ್ ಗಡಿಯಾರದ ಯಂತ್ರದಿಂದ ಅದನ್ನು ಸಮಗತಿಯಲ್ಲಿ ತಿರುಗಿಸಿದರು. ಕಣ್ಣಿಗೆ ಒಂದು ನಡುಕದಂತೆ ಕಾಣುವ ಹೊಳಪು ತಟ್ಟೆಯ ಮೇಲೆ ಬಿಡಿಬಿಡಿ ಹೊಡೆತಗಳಾಗಿ ಹರಡಿಕೊಂಡಿತು.

ಇಡೀ ಕಥೆಯಲ್ಲಿ ನನಗೆ ಹೆಚ್ಚು ಪ್ರಿಯವಾದವರು ಇಂಗ್ಲೆಂಡಿನ ಚಾರ್ಲ್ಸ್ ವೆರ್ನನ್ ಬಾಯ್ಸ್. 1900ರ ಸುಮಾರಿಗೆ ಅವರು ಮಾಡಿಕೊಂಡ ಕ್ಯಾಮೆರಾದಲ್ಲಿ ಜೋರಾಗಿ ಸುತ್ತುವ ಬಿಲ್ಲೆಯೊಂದರ ಎದುರುಬದಿರಿಗೆ ಎರಡು ಲೆನ್ಸ್‌ಗಳು. ಒಂದು ಬಲಕ್ಕೆ ಸರಿಯುವಾಗ ಇನ್ನೊಂದು ಎಡಕ್ಕೆ ಸರಿಯುತ್ತದೆ. ಹೀಗಾಗಿ ಒಂದೇ ಮಿಂಚಿನ ಎರಡು ಬಿಂಬಗಳು ವಿರುದ್ಧ ದಿಕ್ಕಿಗೆ ವಾಲಿಕೊಳ್ಳುತ್ತವೆ. ಎರಡನ್ನೂ ಹೋಲಿಸಿ ನೋಡಿದರೆ ಮಿಂಚಿನ ಯಾವ ತುದಿ ಮೊದಲು ಬೆಳಗಿತು, ಎಷ್ಟು ವೇಗದಲ್ಲಿ ಸಾಗಿತು ಎಂದು ಲೆಕ್ಕ ಹಾಕಬಹುದು. ಕಾಲು ಶತಮಾನ ಈ ಪೆಟ್ಟಿಗೆಯನ್ನು ಹೊತ್ತು ತಿರುಗಿದರೂ ಒಂದು ಒಳ್ಳೆಯ ಮಿಂಚು ಅದರೆದುರು ಬೀಳಲಿಲ್ಲ. ಕೊನೆಗೆ 1928ರಲ್ಲಿ ನ್ಯೂಯಾರ್ಕ್ ಬಳಿಯ ಟಕ್ಸೀಡೊ ಪಾರ್ಕಿನಲ್ಲಿ, ಆಲ್‌ಫ್ರೆಡ್ ಲೂಮಿಸ್ ಅವರ ಪ್ರಯೋಗಾಲಯಕ್ಕೆ ಅತಿಥಿಯಾಗಿ ಹೋದಾಗ ಒಂದು ಸಿಕ್ಕಿತು.

ಬಾಯ್ಸ್ ಬಳಿ ಸಾಧನವಿತ್ತು, ಸಿಡಿಲಿರಲಿಲ್ಲ. ಸಿಡಿಲಿಗೆ ಬರವಿಲ್ಲದ ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್ ಸೀಮೆಯಲ್ಲಿ ಬೇಸಿಲ್ ಶೋನ್‌ಲ್ಯಾಂಡ್ ಇದ್ದರು. 1933ರ ಹೊತ್ತಿಗೆ ಅವರೂ ಕಾಲೆನ್ಸ್ ಎಂಬ ಸಹೋದ್ಯೋಗಿಯೂ ಇದೇ ಬಗೆಯ ಕ್ಯಾಮೆರಾದಿಂದ ತೆಗೆದ ಫೋಟೊಗಳು ಸಿಡಿಲಿನ ಒಳಗುಟ್ಟನ್ನು ಬಿಚ್ಚಿಟ್ಟವು. ಮೊದಲು ಮೋಡದಿಂದ ಮಸುಕಾದ ಎಳೆಯೊಂದು ಸುಮಾರು 50 ಮೀಟರ್ ಜಿಗಿಯುತ್ತದೆ, ಸೆಕೆಂಡಿನ 10 ಲಕ್ಷದ 50 ಭಾಗದಷ್ಟು ಹೊತ್ತು ನಿಲ್ಲುತ್ತದೆ, ಮತ್ತೆ ಜಿಗಿಯುತ್ತದೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ದಾರಿ ಮಾಡುವ ಇದನ್ನು ಲೀಡರ್ ಎನ್ನುತ್ತಾರೆ. ಅದು ನೆಲ ಸಮೀಪಿಸಿದಾಗ ನೆಲದ ಎತ್ತರದ ವಸ್ತುಗಳಿಂದಲೂ ಎಳೆಗಳು ಮೇಲೇಳುತ್ತವೆ. ಎರಡೂ ಕೂಡಿದ ಕೂಡಲೇ ಹೊಳಪೊಂದು ಬೆಳಕಿನ ವೇಗದ ಮೂರನೆಯ ಒಂದು ಭಾಗದಷ್ಟು ವೇಗದಲ್ಲಿ ಮೇಲಕ್ಕೆ ಧಾವಿಸುತ್ತದೆ. ನಮ್ಮ ಕಣ್ಣು ಕುಕ್ಕುವುದು ಇದೇ. ಆಕಾಶದಿಂದ ಬಿತ್ತು ಅಂದುಕೊಂಡ ಬೆಳಕು ನೆಲದಿಂದ ಏರಿದ್ದು ಎಂದು ಹೇಳಲು ಇಂಥ ಫೋಟೊಗಳೇ ಬೇಕಾದವು. 1935ರಿಂದ ಕಾರ್ಲ್ ಮೆಕೆಕ್ರಾನ್ ಎಂಪೈರ್ ಸ್ಟೇಟ್ ಕಟ್ಟಡದ ಕಡೆ ಕ್ಯಾಮೆರಾ ನೆಟ್ಟಾಗ ಇನ್ನೂ ವಿಚಿತ್ರವಾದದ್ದು ಕಂಡಿತು: ಅಲ್ಲಿ ಹಲವು ಸಿಡಿಲುಗಳ ಲೀಡರ್ ಕಟ್ಟಡದ ತುದಿಯಿಂದಲೇ ಹೊರಟು ಮೋಡದ ಕಡೆ ಬೆಳೆಯುತ್ತಿತ್ತು.

ಇವರೆಲ್ಲ ಮಿಂಚು ತಮ್ಮೆಡೆಗೆ ಬರಲೆಂದು ಕಾದವರು. ಬಿರುಗಾಳಿಯನ್ನೇ ಅಟ್ಟಿಸಿಕೊಂಡು ಹೋಗುವ ಪರಿಪಾಠ ಅಮೆರಿಕದ ಬಯಲು ಸೀಮೆಯದು. ಉತ್ತರ ಡಕೋಟಾದ ಡೇವಿಡ್ ಹೋಡ್ಲಿ 1956ರಲ್ಲೇ ಕಾರು ಹತ್ತಿ ಮೋಡಗಳ ಹಿಂದೆ ಬಿದ್ದರು; 1977ರಲ್ಲಿ ‘ಸ್ಟಾರ್ಮ್ ಟ್ರ್ಯಾಕ್’ ಪತ್ರಿಕೆ ಹೊರಡಿಸಿದರು. ಆಮೇಲೆ ಈ ಬೆನ್ನಟ್ಟುವಿಕೆಯ ಮೇಲೇ ಸಿನಿಮಾ ಬಂತು, ಮೊಬೈಲ್ ಬಂತು, ರಸ್ತೆಯಲ್ಲಿ ಕಾರುಗಳ ಸಾಲು ಬೆಳೆಯಿತು. ಈ ಗುಂಪಿನಲ್ಲಿ ಬೇರೆಯಾಗಿ ನಿಂತವರು ಟಿಮ್ ಸಮಾರಸ್. ಲೀಡರ್ ಮತ್ತು ನೆಲದ ಎಳೆ ಕೂಡುವ ಆ ಒಂದು ಗಳಿಗೆಯ ಫೋಟೊ ಅವರಿಗೆ ಬೇಕಿತ್ತು. ಅದಕ್ಕಾಗಿ ಶೀತಲ ಸಮರದ ಕಾಲದಲ್ಲಿ ಅಣುಬಾಂಬ್ ಪರೀಕ್ಷೆ ಚಿತ್ರಿಸಲು ಮಾಡಿದ್ದ, ಏಳು ಕ್ವಿಂಟಾಲಿಗೂ ಹೆಚ್ಚು ತೂಕದ ಕ್ಯಾಮೆರಾವನ್ನು ಗಾಡಿಯಲ್ಲಿ ಎಳೆದುಕೊಂಡು ತಿರುಗಿದರು. ಸೆಕೆಂಡಿಗೆ 10 ಲಕ್ಷಕ್ಕೂ ಹೆಚ್ಚು ಚಿತ್ರ ತೆಗೆಯಬಲ್ಲ ಯಂತ್ರ ಅದು. ಅಂಥದ್ದನ್ನು ಯಾವ ದಿಕ್ಕಿಗೆ ತಿರುಗಿಸಿಡುವುದು ಎಂಬ ಪ್ರಶ್ನೆ ಬಾಯ್ಸ್ ಕಾಲದ್ದೇ. 2013ರ ಮೇ 31ರಂದು ಓಕ್ಲಹೋಮದ ಎಲ್ ರೀನೊ ಬಳಿ ಸುಂಟರಗಾಳಿಯೊಂದು 4 ಕಿಲೋಮೀಟರಿಗೂ ಮೀರಿ ಹಿಗ್ಗಿ, ಹಠಾತ್ತನೆ ದಿಕ್ಕು ಬದಲಿಸಿತು. ಅದರ ಬೆನ್ನು ಹತ್ತಿದ್ದ ಸಮಾರಸ್, ಅವರ ಮಗ ಮತ್ತು ಜೊತೆಗಾರ ಕಾರ್ಲ್ ಯಂಗ್ ಅದಕ್ಕೆ ಬಲಿಯಾದರು. ಎಚ್ಚರಿಕೆಗೆ ಹೆಸರಾದ ತಂಡ ಅದು.

ಹತ್ತಿರದ ಅಪಾಯ ತಿಳಿಯದೆ ತೆಗೆದ ಫೋಟೊ ಇನ್ನೊಂದಿದೆ. 1975ರಲ್ಲಿ ಕ್ಯಾಲಿಫೋರ್ನಿಯಾದ ಮೋರೊ ರಾಕ್ ಎಂಬ ಬಂಡೆಯ ಮೇಲೆ ಅಣ್ಣತಮ್ಮಂದಿರಿಬ್ಬರ ತಲೆಗೂದಲು ನೆಟ್ಟಗೆ ನಿಂತಿದೆ, ಇಬ್ಬರೂ ನಗುತ್ತಿದ್ದಾರೆ. ಸ್ವಲ್ಪ ಹೊತ್ತಿಗೆ ಅಲ್ಲಿಗೆ ಸಿಡಿಲು ಬಡಿಯಿತು. ತಮ್ಮ ಸುಟ್ಟ ಗಾಯಗಳೊಂದಿಗೆ ಉಳಿದ. ಸಮೀಪದಲ್ಲಿದ್ದ ಇನ್ನೊಬ್ಬರು ಉಳಿಯಲಿಲ್ಲ. ಕೂದಲು ನಿಮಿರಿತೆಂದರೆ ನೆಲದ ಎಳೆ ನಮ್ಮ ತಲೆಯಿಂದಲೇ ಹೊರಡಲು ಸಿದ್ಧವಾಗಿದೆ ಎಂದು ಅರ್ಥ. ಭಾರತದಲ್ಲಿ 2022ರೊಂದೇ ವರ್ಷ 2,800ಕ್ಕೂ ಹೆಚ್ಚು ಜನ ಸಿಡಿಲಿಗೆ ಸತ್ತರು. ಕ್ಯಾಮೆರಾ ಮುಟ್ಟದ ರೈತರು, ಕುರಿಗಾಹಿಗಳು ಅವರಲ್ಲಿ ಎಷ್ಟೋ ಮಂದಿ. ಏಪ್ರಿಲ್–ಮೇ ತಿಂಗಳ ಸಂಜೆ ಮಳೆಗೆ ಟ್ರೈಪಾಡ್ ಹಿಡಿದು ತಾರಸಿ ಹತ್ತುವ ಬೆಂಗಳೂರಿನ ಹುಡುಗರು, ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪನ್ನು ಮೊದಲು ನೋಡುವುದು ಒಳ್ಳೆಯದು. ತಾರಸಿಗಿಂತ ಒಳಮನೆಯ ಕಿಟಕಿ ಲೇಸು. ಫೋಟೊಗೇನೂ ಕೊರತೆಯಾಗದು.

ಈಗಿನ ರಾತ್ರಿ ಫೋಟೊಗೆ ಜೆನ್ನಿಂಗ್ಸ್ ಉಪಾಯವೇ ಸಾಕು: ಷಟರ್ ತೆರೆದಿಟ್ಟು ಕಾಯಬೇಕು. ಹಗಲಿಗೆ ಮಾತ್ರ ಟ್ರಿಗರ್ ಬೇಕು. ಹೊಳಪನ್ನು ಗ್ರಹಿಸಿ ಅದು ಷಟರ್ ಒತ್ತುವಷ್ಟರಲ್ಲಿ ಮೊದಲ ಹೊಡೆತ ಮುಗಿದಿರುತ್ತದೆ. ಆದರೂ ಮಿಂಚು ಸಿಗುವುದು ಕೈಸರ್ ಕಂಡ ಮರುಹೊಡೆತಗಳ ದೆಸೆಯಿಂದ. ಮರುಹೊಡೆತಗಳು ಸಾಮಾನ್ಯವಾಗಿ ಕವಲೊಡೆಯುವುದಿಲ್ಲ. ಟ್ರಿಗರ್ ಫೋಟೊಗಳ ಮಿಂಚು ಹಲವು ಬಾರಿ ಬೋಳಾಗಿ ಕಾಣುವುದು ಇದಕ್ಕೇ. ಒಂದು ರಾತ್ರಿಯ ಹತ್ತಾರು ಮಿಂಚುಗಳನ್ನು ಒಂದೇ ಚೌಕಟ್ಟಿಗೆ ತುರುಕುವ ಈಗಿನ ರೂಢಿ ನನಗೆ ಒಗ್ಗಿಲ್ಲ. ಜೆನ್ನಿಂಗ್ಸ್ ಜಗಳಕ್ಕಿಳಿದಿದ್ದ ಚಿತ್ರಕಾರರ ಸಾಲಿಗೇ ಅದು ಸೇರುತ್ತದೆ.

ದೂರ ನಿಂತವರಿಗೇ ಸಿಗುವ ಬೆಳಕು ಇನ್ನೊಂದಿದೆ. 1989ರ ಜುಲೈ 6ರಂದು ಮಿನಸೋಟಾ ವಿಶ್ವವಿದ್ಯಾಲಯದ ಜಾನ್ ವಿಂಕ್ಲರ್ ತಂಡ ರಾಕೆಟ್ ಪ್ರಯೋಗಕ್ಕೆಂದು ಮಂದ ಬೆಳಕಿನ ಟಿವಿ ಕ್ಯಾಮೆರಾ ಪರೀಕ್ಷಿಸುತ್ತಿದ್ದಾಗ, ದೂರದ ಮೋಡದ ಮೇಲೆ ಎರಡು ಬೆಳಕಿನ ಕಂಬಗಳು ದಾಖಲಾದವು. ಮೋಡದ ಮೇಲೂ ವಿದ್ಯುತ್ತು ಹೊಮ್ಮಬಹುದೆಂದು ಭೌತವಿಜ್ಞಾನಿ ಸಿ.ಟಿ.ಆರ್. ವಿಲ್ಸನ್ 1920ರ ದಶಕದಲ್ಲೇ ಊಹಿಸಿದ್ದರು. ಸ್ಪ್ರೈಟ್ ಎಂಬ ಹೆಸರು ಪಡೆದ ಈ ಕೆಂಪು ಬೆಳಕನ್ನು ನೂರಾರು ಕಿಲೋಮೀಟರ್ ದೂರದಿಂದಲೇ ತೆಗೆಯಬೇಕು; ಬುಡಕ್ಕೆ ಹೋದರೆ ಮೋಡವೇ ಅಡ್ಡ. 2022ರ ಮೇ 19ರ ರಾತ್ರಿ ಟಿಬೆಟ್ ಕಡೆಯಿಂದ ಹಿಮಾಲಯದತ್ತ ಕ್ಯಾಮೆರಾ ತಿರುಗಿಸಿಟ್ಟ ಚೀನಾದ ಇಬ್ಬರು ಹವ್ಯಾಸಿಗಳಿಗೆ 105 ಸ್ಪ್ರೈಟ್‌ಗಳು ಸಿಕ್ಕವು.

ಸಮಾರಸ್ ಅರಸುತ್ತಿದ್ದ ಆ ಕೂಡುವಿಕೆಯ ಹತ್ತಿರಕ್ಕೆ 2021ರ ಬೇಸಿಗೆಯಲ್ಲಿ ಬಂದವರು ಬ್ರೆಜಿಲ್‌ನ ಮಾರ್ಸೆಲೊ ಸಾಬಾ. ಸಾವೊ ಜೋಸೆ ಡಾಸ್ ಕಾಂಪೋಸ್ ನಗರದಲ್ಲಿ ಸೆಕೆಂಡಿಗೆ 40,000 ಚಿತ್ರ ತೆಗೆಯುವ ಕ್ಯಾಮೆರಾ ಇಟ್ಟು ಕೂತಿದ್ದಾಗ ಸುಮಾರು 150 ಮೀಟರ್ ಆಚೆ ಸಿಡಿಲಿಳಿಯಿತು. ಸುತ್ತಲಿನ ಕಟ್ಟಡಗಳ ಮಿಂಚುವಾಹಕಗಳಿಂದ ಮತ್ತು ಇತರ ತುದಿಗಳಿಂದ 31 ಎಳೆಗಳು ಏಕಕಾಲಕ್ಕೆ ಮೇಲೆದ್ದು ಕೈಚಾಚಿದ್ದು ಆ ಚಿತ್ರದಲ್ಲಿದೆ. ಅಷ್ಟೊಂದು ಮಿಂಚುವಾಹಕಗಳಿದ್ದೂ ಸಿಡಿಲು ಕೂಡಿಕೊಂಡದ್ದು ಒಂದು ಕಟ್ಟಡದ ಹೊಗೆಕೊಳವೆಯ ಜೊತೆ. ಅಳವಡಿಕೆಯಲ್ಲಿನ ಲೋಪದಿಂದ ಆ ಭಾಗಕ್ಕೆ ರಕ್ಷಣೆ ಇರಲಿಲ್ಲವೆಂದು ಆಮೇಲೆ ಗೊತ್ತಾಯಿತು.