ಕಲ್ಲಿನ ಕುಲ

ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ವೀರಗಲ್ಲು ಅಪರೂಪದ ವಸ್ತುವಲ್ಲ. ಹನುಮಪ್ಪನ ಗುಡಿಯ ಮಗ್ಗುಲಿಗೆ, ಕೆರೆಯ ದಂಡೆಗೆ, ಎಲ್ಲೆಂದರಲ್ಲಿ ನಿಂತಿರುತ್ತದೆ. ಅದರ ಮುಂದೆ ಸ್ವಲ್ಪ ಹೊತ್ತು ಕೂತರೆ ಯಾರಾದರೊಬ್ಬರು ಬಂದು ಕೇಳುವ ಮಾತು ಒಂದೇ: 'ಇಂವಾ ಯಾವ ಮಂದೀಯಂವರೀ?' ನಮ್ಮವನೇ ಎಂದು ಅವರು ಮೊದಲೇ ತೀರ್ಮಾನಿಸಿರುತ್ತಾರೆ, ಅದು ಬೇರೆ ಮಾತು. ಈಚೆಗೆ ಕಲಿತ ಹುಡುಗರು, 'ಡಿಎನ್‌ಎ ತಗಸಿದರ ಗೊತ್ತಾಗೂದಿಲ್ಲೇನ್ರೀ?' ಎಂದೂ ಕೇಳುತ್ತಾರೆ.

ತಳ್ಳಿಹಾಕುವ ಪ್ರಶ್ನೆಯಲ್ಲ. ಹಿಮಾಲಯದ ರೂಪಕುಂಡದ ದಂಡೆಯಲ್ಲಿ ಬಿದ್ದಿದ್ದ ಎಲುಬುಗಳನ್ನು ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯವರೂ ವಿದೇಶದವರೂ ಕೂಡಿ ಪರೀಕ್ಷಿಸಿದರು. 2019ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ಬೆರಗುಗೊಳಿಸಿತು: 38 ಜನರಲ್ಲಿ 23 ಮಂದಿ ನಮ್ಮ ಉಪಖಂಡದವರು, 14 ಮಂದಿ ಮೆಡಿಟರೇನಿಯನ್ ಕಡೆಯವರು, ಒಬ್ಬ ಆಗ್ನೇಯ ಏಷ್ಯದವನು.

ಆದರೆ ಅಲ್ಲಿ ಎಲುಬಿತ್ತು, ಮೇಲೆ ಹಿಮದ ಕಾವಲಿತ್ತು. ನಮ್ಮ ವೀರಗಲ್ಲು ಗೋರಿಯಲ್ಲ. ಕಾದಿ ಸತ್ತವನನ್ನು ಬಹುಮಟ್ಟಿಗೆ ಸುಟ್ಟರು, ಕಲ್ಲನ್ನು ನೆನಪಿಗೆ ನೆಟ್ಟರು. ಬುಡ ಅಗೆದರೆ ಎರೆಮಣ್ಣು ಸಿಕ್ಕೀತು. ಬೆಂಕಿ ಕಂಡ ಎಲುಬಿನಲ್ಲಿ ಡಿಎನ್‌ಎ ಉಳಿಯುವುದು ಕಷ್ಟ, ನಮ್ಮ ಬಿಸಿಲೂ ಅದಕ್ಕೆ ವೈರಿ. ಸಿಕ್ಕಿತೆಂದೇ ಇಟ್ಟುಕೊಳ್ಳಿ, ಅವನ ಮನೆಮಾತನ್ನಾಗಲಿ, ಸತ್ತ ಕಾರಣವನ್ನಾಗಲಿ ಅದು ಹೇಳದು. ರೂಪಕುಂಡದ ಆ ಹದಿನಾಲ್ಕು ಮಂದಿ ಅಷ್ಟು ದೂರದಿಂದ ಯಾಕೆ ಬಂದರೆಂಬುದು ಇನ್ನೂ ಬಗೆಹರಿದಿಲ್ಲ.

ಅದನ್ನು ಹೇಳುವುದು ಕಲ್ಲೇ. ಕೆಳಗಿನ ಪಟ್ಟಿಕೆಯಲ್ಲಿ ದನಗಳಿದ್ದರೆ ತುರುಗೊಳ್, ಅಂದರೆ ಊರ ದನ ಹೊಡೆದುಕೊಂಡು ಹೋಗುವವರನ್ನು ಅಡ್ಡಗಟ್ಟಿ ಸತ್ತವನು. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಲಿಂಗ, ಆ ಜಾಗದಲ್ಲಿ ಜಿನ ಕೂತಿದ್ದರೆ ಅವನ ಮತ ತಿಳಿಯಿತು. ಅಕ್ಷರವಿದ್ದರಂತೂ ಹೆಸರು, ಊರು, ಒಡೆಯ ಎಲ್ಲ. ಚಾಲುಕ್ಯರು, ಸೇವುಣರು, ಹೊಯ್ಸಳರು ಎಳೆದಾಡಿದ ಈ ನಾಡಿಗೆ ಎಲ್ಲೆಲ್ಲಿಯ ಆಳುಗಳೋ ಬಂದು ಕಾದಿದ್ದಾರೆ.

ರಕ್ತಸಂಬಂಧದ ಮಾತನ್ನು ಆ ಕಾಲದವರೂ ಬಿಟ್ಟಿರಲಿಲ್ಲ. ಸತ್ತವನ ಮನೆಯವರಿಗೆ ಕೊಟ್ಟ ಹೊಲಕ್ಕೆ ನೆತ್ತರುಗೊಡಗೆ ಎಂದೇ ಹೆಸರು. ಅಲ್ಲಿ ನೆತ್ತರು ಅಂದರೆ ಹುಟ್ಟಿದ್ದಲ್ಲ, ಸುರಿದದ್ದು.

ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ನೋಡಿ, ಕ್ರಿ.ಶ. 949-50ರದು. ಮಣಲೇರನೆಂಬ ವೀರ ಒಡೆಯನಿಂದ ಬೇಡಿ ಪಡೆದ ಕಾಳಿ ಎಂಬ ನಾಯಿ ಹಂದಿಯೊಡನೆ ಕಾದಿ, ಎರಡೂ ಸತ್ತವು. ನಾಯಿಗೆ ಕಲ್ಲು ನಿಂತಿತು, ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ಪಾಪವೆಂದು ಅದರಲ್ಲೇ ಕೊರೆದಿದೆ.